ಮೂರನೇ ಕಂಪ್ಯೂಟರಿನ ಪಾಲು

ಜೂನ್ 18, 2007, ಸೋಮವಾರ

ಮೋಟರ್ ಸೈಕಲ್ಲಿನಿಂದ ಬಿದ್ದವನು ನನ್ನ ತಮ್ಮ ಆರಿಫ. ಕಾಲು ಮುರಿದದ್ದೂ ಅವನದೇ. ಆದರೆ ಕಟ್ಟು ಬಿದ್ದದ್ದು ನನ್ನ ಕೊರಳಿಗೆ. ಅವನು ಎರಡು ತಿಂಗಳು ಮಂಚ ಬಿಟ್ಟು ಇಳಿಯುವಂತಿಲ್ಲ, ಅವನ ನೆಟ್ ಸೆಂಟರನ್ನು ಮುಚ್ಚುವಂತೆಯೂ ಇಲ್ಲ. "ನೀ ಹ್ಯಾಂಗೂ ಮನ್ಯಾಗ ಖಾಲೀ ಅದೀ, ನೀನ ಹೋಗಿ ಕುಂದ್ರು" ಎಂದಳು ಅಮ್ಮಿ. ನರಗುಂದದ ಗಂಡನ ಮನೆಯಿಂದ ಬಿಡುಗಡೆ ತೆಗೆದುಕೊಂಡು ಬಂದು ಎರಡು ವರ್ಷ. ಅಂದಿನಿಂದ ಮನೆಯ ರೊಟ್ಟಿಯೆಲ್ಲ ನಾನೇ ಬಡಿಯುತ್ತೇನೆ. ಆದರೂ ಖಾಲಿ.

ಹೀಗೆ ಅಂಜುಮ ಎಂಬ ನಾನು ಇವತ್ತಿನಿಂದ ಗಜೇಂದ್ರಗಡದ ಬಜಾರದಲ್ಲಿ ಗಲ್ಲೆಯ ಮೇಲೆ ಕುಳಿತ ಹೆಂಗಸು. ಮನೆಯಲ್ಲಿ ಆಡುವುದು ಉರ್ದು, ಓದಿದ್ದು ಕನ್ನಡ ಶಾಲೆ. ಸಿಟ್ಟು ಬಂದಾಗ ಬರೆಯಲು ಕನ್ನಡವೇ ಅನುಕೂಲ, ಅಮ್ಮಿಗೆ ಓದಲು ಬರುವುದಿಲ್ಲ.

ಕಂಪ್ಯೂಟರು ಐದು. ಅವಕ್ಕೆಲ್ಲ ಸೇರಿ ಲೈನು ಒಂದು. ಒಂದು ನಲ್ಲಿಗೆ ಐದು ಕೊಡ ಇಟ್ಟ ಹಾಗೆ. ಮೊದಲು ಬಂದವನು ಹಾಡು ಇಳಿಸಲು ಹಚ್ಚಿದನೆಂದರೆ ಉಳಿದ ನಾಲ್ವರು ಬಿಳಿ ಪರದೆ ನೋಡುತ್ತ ನನ್ನನ್ನು ಬೈಯುತ್ತಾರೆ. ಇವತ್ತು ಎಲ್ಲರಿಗಿಂತ ಜೋರಾಗಿ ಬೈದವರು ಮಹಾಲಿಂಗಪ್ಪ. ಅಡತಿ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ದಿನಾ ಇಲ್ಲಿಗೆ ಬಂದು ಕುಸ್ತಿಯ ವಿಡಿಯೋ ನೋಡುತ್ತಾರೆ. "ಪೈಲ್ವಾನ ಎತ್ತಿ ಹಿಡದಾನವಾ, ಕೆಳಗ ಒಗಿಯವಲ್ಲ. ಅರ್ಧ ತಾಸಾತು" ಎಂದರು. ನಾನೇನು ಪೈಲ್ವಾನನೇ, ಒಗೆಯಲು?

ಜೂನ್ 24, ಭಾನುವಾರ

ಭಾನುವಾರ ನಾಲ್ಕು ಗಂಟೆಗೆ ಮುಶಿಗೇರಿಯ ಸಣ್ಣವ್ವ ಎನ್ನುವವಳು ಬರುತ್ತಾಳೆ, ಮೂರನೇ ಕಂಪ್ಯೂಟರು ಅವಳಿಗೆ ಬಿಡು ಎಂದು ಆರಿಫ ಹೇಳಿ ಕಳಿಸಿದ್ದ. ಕ್ಯಾಮೆರಾ ಇರುವುದು ಅದೊಂದಕ್ಕೇ. ಬಂದಳು. ಕೂಲಿಯ ಕೈ, ಒಗೆದ ಸೀರೆ, ಕೂದಲಿಗೆ ಎಣ್ಣೆ. ಬೀಗರ ಮನೆಗೆ ಹೊರಟವರಷ್ಟು ಚೊಕ್ಕ.

ಅವಳ ಒಬ್ಬಳೇ ಮಗಳು ಭಾರತಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಮೈಸೂರಿನಲ್ಲಿ ಇಂಥ ಹುಡುಗಿಯರಿಗೆ ಹೊಲಿಗೆ ಕಲಿಸುವ ಹಾಸ್ಟೆಲಿನಲ್ಲಿದ್ದಾಳೆ. ಭಾನುವಾರ ಮಾತ್ರ ಅಲ್ಲಿನ ಕಂಪ್ಯೂಟರು ಹುಡುಗಿಯರ ಕೈಗೆ ಸಿಗುತ್ತದೆ. ಫೋನು ಮಾಡಿ ಏನು ಕೇಳುವುದು? ತಾಯಿ ಮಗಳು ಚಿಕ್ಕಂದಿನಿಂದ ಕಟ್ಟಿಕೊಂಡ ಕೈಮಾತು ಅವರಿಬ್ಬರಿಗೇ ಗೊತ್ತು. ಅದಕ್ಕೆ ಕಣ್ಣು ಬೇಕು, ಕೈ ಕಾಣಬೇಕು.

ಕಾಣಲಿಲ್ಲ. ಪರದೆಯ ಮೇಲೆ ಹುಡುಗಿಯ ಕೈ ಚೌಕ ಚೌಕವಾಗಿ ಒಡೆದು, ಒಂದು ತುಂಡು ಇಲ್ಲಿ, ಒಂದು ತುಂಡು ಅಲ್ಲಿ. ಸಣ್ಣವ್ವ ಪರದೆಗೆ ಮೂಗು ಹಚ್ಚಿ ಹುಡುಕಿದಳು. "ಅನ್ನ ಅಂದಳೋ, ಅವ್ವಾ ಅಂದಳೋ, ತಿಳೀಲಿಲ್ಲವಾ" ಎಂದಳು. ಪಕ್ಕದವರು ಸಿನಿಮಾ ಹಾಡು ಇಳಿಸುತ್ತಿದ್ದರು. ಅವರೂ ದುಡ್ಡು ಕೊಟ್ಟವರು, ಎಬ್ಬಿಸಲು ಬರುವುದಿಲ್ಲ. ಸಣ್ಣವ್ವ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಜುಲೈ 1, ಭಾನುವಾರ

ಇವತ್ತೂ ಅದೇ ಗತಿ. ಸಣ್ಣವ್ವನಿಗೆ ಮಗಳನ್ನು ಒಂದು ಮಾತು ಕೇಳಬೇಕಿದೆ. ರಾಜೂರಿನಲ್ಲಿ ಅವಳ ಅಣ್ಣ ಉಡಚಪ್ಪ ಇದ್ದಾನೆ. ಗಂಡ ತೀರಿದ ಮೇಲೆ ತಂಗಿಯ ತುಂಡು ಹೊಲವನ್ನು ಉತ್ತು ಬಿತ್ತಿ ಕೊಡುವವನು ಅವನೇ. ಅವನ ಮಗ ಅಮರೇಶ, ಟ್ರ್ಯಾಕ್ಟರ್ ಹೊಡೆಯುತ್ತಾನೆ, ಕುಡಿತ ಇಲ್ಲ. ಅವನಿಗೆ ಭಾರತಿಯನ್ನು ತಂದುಕೊಳ್ಳುತ್ತೇನೆ ಎಂದು ಅಣ್ಣ ತಾನಾಗಿ ಕೇಳಿದ್ದಾನೆ. ಆಷಾಢ ಹಿಡಿಯುವುದರೊಳಗೆ ಹೂಂ ಅನ್ನು ಎಂದಿದ್ದಾನೆ.

"ಮೂಕಿ ಹುಡುಗೀನ ಯಾರ ಕೇಳ್ತಾರವಾ? ನಮ್ಮಣ್ಣ ದೇವರಂಥಾವ. ಆದ್ರೂ ಅಕೀನ ಒಂದ ಮಾತ ಕೇಳ್ತೀನಿ ಅಂತ ಹೇಳೇನಿ" ಎಂದಳು. ಅಣ್ಣ ನಕ್ಕನಂತೆ, ಹುಡುಗಿಯನ್ನು ಯಾರು ಕೇಳುತ್ತಾರೆ ಎಂದು. ಕೇಳುತ್ತೇನೆ ಎಂದು ಇವಳು ಹಟ ಹಿಡಿದಳಂತೆ. ನನಗೆ ಸಣ್ಣವ್ವನ ಮೇಲೆ ಒಂದು ಗೌರವ ಹುಟ್ಟಿತು. ಗೌರವ ಇದ್ದರೆ ಲೈನು ಓಡುತ್ತದೆಯೇ?

ರೋಣದಲ್ಲಿ ಕಂಪ್ಯೂಟರ್ ರಿಪೇರಿಯವನೊಬ್ಬನಿದ್ದಾನಂತೆ. ನಾಳೆ ಫೋನು ಮಾಡಬೇಕು.

ಜುಲೈ 6, ಶುಕ್ರವಾರ

ರಿಪೇರಿಯವನು ಬಂದಿದ್ದ. ಬಸ್ಸಿನಲ್ಲಿ ನಿಂತೇ ಬಂದನಂತೆ, ಬಂದವನೇ ನೀರು ಕೇಳಿದ, ಕುಡಿದು ತಂಬಿಗೆಯನ್ನು ಬೋರಲು ಹಾಕಿಟ್ಟ. ಹೆಸರು ಅಲ್ತಮಶ. ಹೆಸರು ಬಾದಶಹನದು, ಚಪ್ಪಲಿಗೆ ಮಾತ್ರ ಪಿನ್ನು ಚುಚ್ಚಿದೆ.

ಗಲ್ಲೆಯ ಮೇಲಿರುವ ನನ್ನ ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟ. ಎಲ್ಲ ಕಂಪ್ಯೂಟರುಗಳ ಲೈನೂ ಇದರ ಮೂಲಕವೇ ಹೋಗುತ್ತದೆ, ಯಾರಿಗೆ ಎಷ್ಟು ಎಂದು ನಾನು ಮಿತಿ ಹಾಕಬಹುದು. ಪರದೆಯ ಮೇಲೆ ಒಂದೊಂದು ಕಂಪ್ಯೂಟರಿನ ಹೆಸರಿನ ಮುಂದೆ ಅಂಕಿ ತುಂಬುವ ಎರಡೆರಡು ಮನೆ. ಹೊರಗಿನಿಂದ ಬರುವುದಕ್ಕೆ ಒಂದು, ಇಲ್ಲಿಂದ ಹೋಗುವುದಕ್ಕೆ ಒಂದು.

"ಎಷ್ಟೆಷ್ಟು ತುಂಬಲಿ?" ಎಂದೆ.

"ಅದು ನಿಮಗ ಗೊತ್ತಿರತೈತ್ರಿ. ಯಾರ ಏನ ಮಾಡ್ತಾರ ಅನ್ನೋದು ನೋಡಿ ತುಂಬ್ರಿ."

ಕೆಲಸ ಮುಗಿದ ಮೇಲೆ ಚಹಾ ತರಿಸಿದೆ. ಮರ್ಯಾದೆಗೆ. ಬಿಸಿ ಚಹಾ ಆರುವ ತನಕ ಕಾಯುವ ಗಂಡಸನ್ನು ಇದೇ ಮೊದಲು ನೋಡಿದ್ದು.

ಜುಲೈ 7, ಶನಿವಾರ

ಪಾಲು ಹಾಕಿದೆ. ಮಹಾಲಿಂಗಪ್ಪನವರಿಗೂ ಅಷ್ಟೇ, ಹಾಡಿನ ಹುಡುಗರಿಗೂ ಅಷ್ಟೇ, ಎಲ್ಲರಿಗೂ ಸಮ. ನ್ಯಾಯ ಅಂದರೆ ನ್ಯಾಯ. ನರಗುಂದದಲ್ಲಿ ಅತ್ತೆ ಸೊಸೆಯಂದಿರಿಗೆ ಬಡಿಸುವಾಗ ಒಬ್ಬೊಬ್ಬರಿಗೆ ಒಂದೊಂದು ಅಳತೆಯ ಸೌಟು ಹಿಡಿಯುತ್ತಿದ್ದಳು. ನನ್ನ ಅಂಗಡಿಯಲ್ಲಿ ಒಂದೇ ಸೌಟು.

ಬರುವ ಮನೆಗೆ ಇದ್ದದ್ದನ್ನೆಲ್ಲ ಹಂಚಿದೆ. ಹೋಗುವ ಮನೆಯಲ್ಲಿ ಕನಿಷ್ಠ ಎಷ್ಟು ತುಂಬಬಹುದೋ ಅಷ್ಟು ತುಂಬಿ ಬಿಟ್ಟೆ. ಗಜೇಂದ್ರಗಡದಿಂದ ಹೊರಗೆ ಹೋಗುವುದೇನಿದೆ? ಹಾಡು ಬರುತ್ತದೆ, ಕುಸ್ತಿ ಬರುತ್ತದೆ, ಪರೀಕ್ಷೆಯ ಫಲಿತಾಂಶ ಬರುತ್ತದೆ. ನಾವು ಕಳಿಸುವುದು ಎರಡು ಸಾಲು ಟಪಾಲು. ಅದಕ್ಕೆ ಕಾಲುದಾರಿ ಸಾಕು.

ಸಂಜೆ ಐದೂ ಕಂಪ್ಯೂಟರು ಒಟ್ಟಿಗೆ ಓಡಿದವು. ಮಹಾಲಿಂಗಪ್ಪನವರ ಪೈಲ್ವಾನ ಎತ್ತಿದವನನ್ನು ಒಗೆದೇಬಿಟ್ಟ. ಅವರು ಖುಷಿಯಿಂದ ತೊಡೆ ತಟ್ಟಿದರು.

ಜುಲೈ 8, ಭಾನುವಾರ

ಭಾರತಿ ಕಂಡಳು. ಒಡೆಯದೆ, ನಿಲ್ಲದೆ, ಚೆಂದವಾಗಿ ಕಂಡಳು. ಎರಡು ಜಡೆ, ಸಾದಗಪ್ಪು ಮುಖ, ಹಣೆಯ ಮೇಲೆ ಸಣ್ಣ ಗಾಯದ ಗುರುತು. ಸಣ್ಣವ್ವ ನನ್ನ ಕೈ ಹಿಡಿದುಕೊಂಡು, "ಹಾಲಿನ್ಯಾಗ ಕಂಡಂಗ ಕಾಣತಾಳವಾ" ಎಂದಳು. ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಸಣ್ಣವ್ವ ಕೇಳಿದಳು. ತಲೆಗೆ ರುಮಾಲು ಸುತ್ತಿದಂತೆ ಮಾಡಿ ಮೀಸೆ ತೀಡಿದಳು, ಅಂದರೆ ಸೋದರಮಾವ. ಎರಡೂ ಕೈಯಿಂದ ಸ್ಟೇರಿಂಗು ತಿರುಗಿಸಿದಳು, ಅಂದರೆ ಅಮರೇಶ. ಕೊರಳಿಗೆ ಕೈ ಹಚ್ಚಿ ತಾಳಿ ಎಂದಳು. ಆಮೇಲೆ ಅಂಗೈ ಚಾಚಿ, ಏನಂತಿ ಎಂದಳು.

ಹುಡುಗಿ ನೋಡಿದಳು. ಭಾಳ ಹೊತ್ತು ನೋಡಿದಳು. ಏನೋ ಕೇಳುವಂತೆ ತನ್ನ ಕೊರಳು ಮುಟ್ಟಿಕೊಂಡಳು. ಸಣ್ಣವ್ವ ಹೂಂ ಹೂಂ ಎಂದು ತಲೆ ಆಡಿಸಿ, ಮತ್ತೆ ತಾಳಿಯ ಸನ್ನೆ ಮಾಡಿ ಕೈ ಅಲ್ಲೇ ಹಿಡಿದಳು. ಹುಡುಗಿ ತಲೆ ತಗ್ಗಿಸಿದಳು. ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಅವರ ವೇಳೆ ಮುಗಿಯಿತು.

"ಒಪ್ಪ್ಯಾಳ" ಎಂದಳು ಸಣ್ಣವ್ವ. ಅವಳ ಕಣ್ಣಲ್ಲೂ ನೀರು. "ಮದುವಿ ಅಂದ್ರ ಅಳತಾವವಾ ಹುಡುಗ್ಯಾರು. ಒಲ್ಲೆ ಅನ್ನೂದಿದ್ರ ಕೈ ಝಾಡಿಸಿಬಿಡತಿದ್ದಳು, ಅಕಿ ಸುಮ್ಮನಿರಾಕಿ ಅಲ್ಲ."

ತಲೆ ತಗ್ಗಿಸಿ ಸುಮ್ಮನಿದ್ದರೆ ಒಪ್ಪಿದ ಹಾಗೆ. ನಮ್ಮಲ್ಲೂ ಅದೇ. ನನ್ನ ನಿಕಾಹ್‌ಗೆ ಒಪ್ಪಿಗೆ ಕೇಳಲು ಹಿರಿಯರು ಪರದೆಯ ಆಚೆ ಬಂದು ನಿಂತಾಗ ನಾನು ಬಾಯಿ ತೆರೆಯಲಿಲ್ಲ. "ನಾಚಕೊಂಡಾಳ, ಕಬೂಲ ಐತಿ" ಎಂದಳು ಪಕ್ಕದಲ್ಲಿದ್ದ ಮಾಮಿ. ಹೋಗಲಿ ಬಿಡು.

ಜುಲೈ 12, ಗುರುವಾರ

ಸಣ್ಣವ್ವ ವಾರದ ನಡುವೆ ಬಂದಳು, ಸೆರಗಿನ ಗಂಟಿನಲ್ಲಿ ಸಕ್ಕರೆ ಕಟ್ಟಿಕೊಂಡು. ಅಣ್ಣನಿಗೆ ಮಾತು ಕೊಟ್ಟಾಯಿತು. ಪಂಚಮಿ ಮುಗಿದ ಮೇಲೆ ನಾಲ್ಕು ಮಂದಿ ಹಿರಿಯರನ್ನು ಕರೆದು ನಿಶ್ಚಯ. "ನಿನ್ನ ಪುಣ್ಯಾದಿಂದ ಅಕೀನ ಕೇಳಾಕಾದ್ರೂ ಆತು" ಎಂದು ನನ್ನ ಬಾಯಿಗೆ ತಾನೇ ಸಕ್ಕರೆ ಹಾಕಿದಳು.

ರಿಪೇರಿಯವನು ಫೋನು ಮಾಡಿದ್ದ, ಸಾಫ್ಟ್‌ವೇರ್ ಸರಿಯಿದೆಯೇ ಎಂದು. ಸರಿಯಿದೆ ಎಂದೆ. ಸರಿಯಿದ್ದರೂ ಎರಡು ಮಾತು ಹೆಚ್ಚು ಆಡಿದ. ಮನೆಯಲ್ಲಿ ಅಕ್ಕ ಮಾತ್ರ ಇದ್ದಾಳಂತೆ. ನಾನೇನು ಕೇಳಿರಲಿಲ್ಲ.

ಜುಲೈ 18, ಬುಧವಾರ

ಕಳೆದ ಭಾನುವಾರ ಹಾಸ್ಟೆಲಿನಲ್ಲಿ ಕರೆಂಟು ಇರಲಿಲ್ಲ, ತಾಯಿ ಮಗಳು ಕಾಣದೆ ಹೋದರು. ಆವತ್ತು ಅದು ದೊಡ್ಡದೆನಿಸಲಿಲ್ಲ. ಇವತ್ತು ಅನಿಸುತ್ತಿದೆ.

ಇವತ್ತು ಮೂರನೇ ಕಂಪ್ಯೂಟರಿನಲ್ಲಿ ಗಳಿಗೆಗೊಮ್ಮೆ ಪರದೆ ನೀಲಿಯಾಗಿ ನಿಂತುಬಿಡುತ್ತಿತ್ತು, ಮತ್ತೆ ಹಚ್ಚಿದರೆ ತುಸು ಹೊತ್ತು ಓಡುತ್ತಿತ್ತು. ಅಲ್ತಮಶ ರೋಣದಿಂದ ಮೆಸೆಂಜರಿನಲ್ಲಿ ಬಂದ. ಕ್ಯಾಮೆರಾ ಹಚ್ಚಿ ಹಿಂದಿನ ವಾಯರು ತೋರಿಸಿ, ನೋಡಿ ಹೇಳುತ್ತೇನೆ ಎಂದ. ಹಚ್ಚಿದೆ. ವಾಯರು ಹಿಡಿದು ತೋರಿಸಿದೆ, ತಿರುಗಿಸಿ ತೋರಿಸಿದೆ. ಅವನು ನನಗೆ ಚೆನ್ನಾಗಿ ಕಾಣುತ್ತಿದ್ದ, ಗಡ್ಡ ಬೋಳಿಸಿದ್ದ. ಆದರೆ ಸುಮ್ಮನೆ ನನ್ನನ್ನೇ ನೋಡುತ್ತ ಕುಳಿತಿದ್ದ. ಏನು ಮನುಷ್ಯ ಇವನು ಎಂದು ಸಿಟ್ಟು ಬಂತು. ಫೋನು ಮಾಡಿ, "ವಾಯರು ನೋಡ್ರಿ ಅಂದ್ರ ಏನ ನೋಡಾಕತ್ತೀರಿ?" ಎಂದೆ.

"ನೀವು ಅಲ್ಲಾಡವಲ್ರಿ. ಫೋಟೋ ಇದ್ದಂಗದೀರಿ. ಬಾಯಿ ತೆರದದ್ದು ತೆರದಂಗ ಐತಿ."

"ನಾನು ಇಷ್ಟೊತ್ತು ಕೈ ಆಡಿಸಾಕತ್ತೇನಿ."

ಅವನು ಕೇಳಿದ. "ಹೋಗೂ ಮನ್ಯಾಗ ಎಷ್ಟ ತುಂಬೀರಿ?"

ಹೇಳಿದೆ. ಅವನು ಬೈಯಲಿಲ್ಲ. ನಿಮ್ಮ ಮುಖ ಇಲ್ಲಿಂದ ಅಲ್ಲಿಗೆ ಹೋಗುವುದೂ ಅದೇ ದಾರಿಯಲ್ಲಿ, ಅಷ್ಟು ಸಣ್ಣ ದಾರಿಯಲ್ಲಿ ಚಿತ್ರ ಹಿಡಿಸುವುದಿಲ್ಲ, ಒಂದು ಹೋಗಿ ನಿಂತರೆ ಇನ್ನೊಂದು ಹೋಗುವುದಿಲ್ಲ ಎಂದ. ಅಕ್ಷರಕ್ಕೆ ಸಾಕು, ಕೈಗೆ ಸಾಲದು.

ನಾನು ಫೋನು ಇಟ್ಟುಬಿಟ್ಟೆ. ಭಾರತಿ ಆವತ್ತು ತಾಯಿಯ ಪ್ರಶ್ನೆಯನ್ನು ನೋಡಿಯೇ ಇಲ್ಲ. ನೋಡದ ಪ್ರಶ್ನೆಗೆ ತಲೆ ತಗ್ಗಿಸಿದ್ದಾಳೆ. ಅದನ್ನು ಹೂಂ ಎಂದು ತಿಳಿದು ಸಕ್ಕರೆ ಹಂಚಿಯಾಗಿದೆ. ಅದರಲ್ಲಿ ನಾನೂ ತಿಂದಿದ್ದೇನೆ.

ಜುಲೈ 19, ಗುರುವಾರ

ಹೇಳಬೇಕೋ ಬೇಡವೋ. ಅಮರೇಶ ಒಳ್ಳೆಯ ಹುಡುಗ. ಅಣ್ಣ ಒಳ್ಳೆಯವನು. ಕೇಳಿದ್ದರೂ ಹೂಂ ಎನ್ನುತ್ತಿದ್ದಳೇನೋ. ಮಾತು ಮುರಿದರೆ ಸಣ್ಣವ್ವನ ಹೊಲ ಉಳುವವರು ಯಾರು? ಸುಮ್ಮನಿದ್ದರೆ ಎಲ್ಲ ಸುಸೂತ್ರ.

ಸುಮ್ಮನಿದ್ದರೆ. ಆ ಮಾತು ಬರೆದ ಕೂಡಲೇ ನನಗೆ ನನ್ನ ಮೇಲೇ ಸಿಟ್ಟು ಬಂತು.

ಜುಲೈ 20, ಶುಕ್ರವಾರ

ಅಂಗಡಿಯನ್ನು ಮಹಾಲಿಂಗಪ್ಪನವರ ವಶಕ್ಕೆ ಕೊಟ್ಟು ಟೆಂಪೋ ಹಿಡಿದು ಮುಶಿಗೇರಿಗೆ ಹೋದೆ. ಸಣ್ಣವ್ವ ಹೆಸರುಕಾಳಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ರಾತ್ರಿ ಮಳೆಯಾಗಿತ್ತು. ಎರೆಮಣ್ಣು ಚಪ್ಪಲಿಗೆ ಹತ್ತಿ ಹೆಜ್ಜೆಗೊಂದು ಸೇರು ತೂಕ ಏರುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಬರುವ ನನ್ನನ್ನು ನೋಡಿ ಅವಳು ಕಳೆ ಕೀಳುವ ಕುರ್ಚಿಗಿ ಕೆಳಗಿಟ್ಟಳು.

"ಭಾರತಿಗೆ ಏನಾತವಾ?"

"ಭಾರತಿಗೆ ಏನೂ ಆಗಿಲ್ರಿ ಅಕ್ಕಾರ. ನನ್ನಿಂದ ತಪ್ಪಾಗೈತಿ." ಬದುವಿನ ಮೇಲೆ ಕುಳಿತು ಹೇಳಿದೆ. "ಆವತ್ತು ಅಕಿ ನಿಮಗ ಕಂಡಳು. ನೀವು ಅಕಿಗೆ ಕಾಣಲಿಲ್ಲ. ಬರೂ ದಾರಿ ದೊಡ್ಡದು ಮಾಡಿ, ಹೋಗೂ ದಾರಿ ಸಣ್ಣದು ಇಟ್ಟಿದ್ದೆ. ನಿಮ್ಮ ಚಿತ್ರ ಅಲ್ಲಿ ಹೋಗಿ ನಿಂತಬಿಟ್ಟಿತ್ತು. ನೀವು ಕೇಳಿದ್ದು ಅಕಿಗೆ ಮುಟ್ಟಿಲ್ಲ."

ಅವಳಿಗೆ ತಿಳಿಯಲು ಹೊತ್ತು ಬೇಕಾಯಿತು. ತಿಳಿದ ಮೇಲೆ ಕೇಳಿದ್ದು ಒಂದೇ ಮಾತು.

"ಹಂಗಾರ ಅಕಿ ಯಾಕ ಅತ್ತಳು?"

ಸಣ್ಣವ್ವ ತನ್ನ ಕೈ ನೋಡಿಕೊಂಡಳು. ಉಗುರಿನೊಳಗೆ ಮಣ್ಣು. ಆಮೇಲೆ ಮೆಲ್ಲಗೆ ಹೇಳಿದಳು. "ನೀ ಹೇಳದ ಇದ್ದಿದ್ರ ನಾ ಆರಾಮ ಇರತಿದ್ದೆ ನೋಡವಾ. ಅಕಿ ಹೂಂ ಅಂದಾಳ ಅಂತ ಹತ್ತ ದಿನ ಚಲೋ ನಿದ್ದಿ ಮಾಡೇನಿ."

"ಮತ್ತ ಕೇಳೂಣ್ರಿ. ಈ ಸಲ ದಾರಿ ಪೂರಾ ಬಿಡತೀನಿ."

"ಒಲ್ಲೆ ಅಂದ್ರ?"

ಸಿಟ್ಟು ಮಾಡುತ್ತಾಳೆ ಎಂದು ಕಾದೆ. ಅವಳು ಗಂಟು ಬಿಚ್ಚಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ನನ್ನ ಕೈಗಿಟ್ಟಳು. "ಬಿಸಲಾಗ ಬಂದೀ, ತಿನ್ನು. ಐತವಾರ ಬರ್ತೀನಿ" ಎಂದಳು.

ಜುಲೈ 22, ಭಾನುವಾರ

ಅಲ್ತಮಶನನ್ನು ಬರಹೇಳಿದ್ದೆ. ಭಾನುವಾರವೂ ಬಂದ. ಹಸಿರು ಓಢಣಿ ಮಳೆಗೆ ಒಣಗಿರಲಿಲ್ಲ, ಅದಕ್ಕೆ ನಾನು ಗುಲಾಬಿ ಬಣ್ಣದ್ದು ಹಾಕಿಕೊಂಡಿದ್ದೆ.

ನಾಲ್ಕಕ್ಕೆ ಸ್ವಲ್ಪ ಮೊದಲು ಮೂರನೇ ಕಂಪ್ಯೂಟರಿನ ಎರಡೂ ಮನೆಗಳ ಮಿತಿ ತೆಗೆದೆ. ಆದರೆ ಲೈನಿನಲ್ಲೇ ಹೋಗುವ ದಾರಿ ಕಿರಿದು, ಬೇರೆಯವರು ನಡುವೆ ಕಾಲು ಹಾಕಿದರೆ ಸಾಲುವುದಿಲ್ಲ ಎಂದ ಅಲ್ತಮಶ. ಹಾಗಾದರೆ ಉಳಿದವರನ್ನು ಎಬ್ಬಿಸಬೇಕು. ಒಂದೇ ಸೌಟಿನ ನ್ಯಾಯ ಮಾಡಿದವಳು ಯಾವ ಮುಖ ಹೊತ್ತು ಎಬ್ಬಿಸಲಿ? ನಿಂತು ಹೇಳಿದೆ. "ಅರ್ಧ ತಾಸು ಯಾರಿಗೂ ನೆಟ್ ಇಲ್ರಿ. ಒಬ್ಬ ತಾಯಿ ಮಗಳನ್ನ ಒಂದ ಮಾತ ಕೇಳಬೇಕಾಗೈತಿ." ಹಾಡಿನ ಹುಡುಗರು ಗೊಣಗಿದರು. ಮಹಾಲಿಂಗಪ್ಪನವರು ಕುಸ್ತಿಯನ್ನು ನಡುವೆಯೇ ಬಿಟ್ಟು ಎದ್ದು, "ಏಳ್ರಲೇ, ಚಹಾ ಕುಡಸ್ತೀನಿ" ಎಂದು ಅವರನ್ನು ಹೊರಗೆ ಕರೆದುಕೊಂಡು ಹೋದರು. ಪೈಲ್ವಾನ ಮತ್ತೆ ಗಾಳಿಯಲ್ಲೇ ನಿಂತ.

ಭಾರತಿ ಬಂದಳು. ತಾಯಿ ಕೈ ಎತ್ತಿದ್ದನ್ನು ನೋಡಿದ ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಗಂಟಲು ಮುಟ್ಟಿಕೊಂಡು, ಮುಖ ಹಿಂಡಿ, ಬೆರಳು ಆಡಿಸಿ ಏನೇನೋ ಕೇಳಿದಳು. ಸಣ್ಣವ್ವ ಅವಳಿಗೆ ತಲೆ ಅಲ್ಲಾಡಿಸಿ, ನನ್ನ ಕಡೆ ತಿರುಗಿ ಹೇಳಿದಳು.

"ನನ್ನ ಗಂಟಲಾ ಆರಾಮಾತೇನು ಅಂತ ಕೇಳತಾಳವಾ. ಆವತ್ತು ನನ್ನ ಕೈ ಕೊರಳಿಗೆ ಹೋಗಿ ನಿಂತಿತ್ತಂತ. ಉಸರ ಹಿಡದೈತಿ ಅಂತ ತಿಳಿದು ಅತ್ತಾಳ. ಇಷ್ಟ ದಿನ ಊಟ ಸೇರಿಲ್ಲಂತ ಅಕಿಗೆ."

ತಾಳಿಯ ಸನ್ನೆ. ಅಲ್ಲಿಗೆ ಮುಟ್ಟಿದ್ದು ಅದೊಂದೇ, ಅದೂ ಬೇನೆಯಾಗಿ. ನಾನು ಗೋಡೆಯ ಕಡೆ ತಿರುಗಿದೆ. ಅಲ್ತಮಶ ನೀರಿನ ತಂಬಿಗೆಯನ್ನು ನನ್ನ ಪಕ್ಕ ಇಟ್ಟು ಸುಮ್ಮನೆ ಆಚೆ ಹೋದ.

ಸಣ್ಣವ್ವ ಮತ್ತೆ ಕೇಳಿದಳು. ರುಮಾಲು, ಮೀಸೆ, ಸ್ಟೇರಿಂಗು, ತಾಳಿ, ಚಾಚಿದ ಅಂಗೈ. ಈ ಸಲ ಹುಡುಗಿ ತಲೆ ತಗ್ಗಿಸಲಿಲ್ಲ. ತುಸು ಯೋಚಿಸಿ, ನಿಧಾನವಾಗಿ, ತಾಯಿಗೆ ಪೂರ್ತಿ ತಿಳಿಯಲಿ ಎಂದು ಒಂದೊಂದನ್ನೇ ಹೇಳಿದಳು. ಕೊನೆಗೆ ಕೈ ಝಾಡಿಸಿದಳು.

ಸಣ್ಣವ್ವ ಪರದೆ ಆರಿದ ಮೇಲೂ ಅದರ ಮುಂದೆ ಕುಳಿತೇ ಇದ್ದಳು. ಆಮೇಲೆ ನನಗೆ ಹೇಳಿದಳು, ಕೈಯಿಂದಲೂ ಮಾಡಿ ತೋರಿಸುತ್ತ.

"ಸಣ್ಣಾಕಿದ್ದಾಗ ಪಂಚಮಿಗೆ ರಾಜೂರಿಗೆ ಹೋದರ, ಅಕಿನ್ನ ಜೋಕಾಲ್ಯಾಗ ಕುಂದರಿಸಿ ನಾವೆಲ್ಲಾ ಮಾತಾಡಕೋತ ಕೂಡತಿದ್ವಿ. ಆ ಮನ್ಯಾಗ ಅಕಿ ಸಂಗಾಟ ಯಾರೂ ಕೈ ಎತ್ತಲಿಲ್ಲಂತ. ಅಮರೇಶ ಚಲೋ ಹುಡುಗ, ಆದ್ರ ಅಂವಗ ಕೈ ಇಲ್ಲ ಅಂತಾಳ. ಅಲ್ಲಿ ಹಾಸ್ಟೆಲಿನ್ಯಾಗ ಎಲ್ಲಾ ಹುಡುಗ್ಯಾರಿಗೂ ಕೈ ಐತಂತ. ಮುಂಜಾನಿಂದ ಮಕ್ಕೊಳ್ಳೂತನಾ ಮಾತಾಡತಾಳಂತ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನು ಅಕಿನ್ನ ಮೂಕಿ ಅಂತ ತಿಳಿದಿದ್ನಿ. ಅಕಿ ಭಾಳ ಮಾತಿನ ಮಲ್ಲಿ ಅದಾಳ."

ಹೊರಡುವಾಗ ಬಾಗಿಲಲ್ಲಿ ನಿಂತು, "ನಾಳೆ ರಾಜೂರಿಗೆ ಹೋಗ್ತೀನಿ" ಎಂದಳು. ಜೊತೆಗೆ ಬರಲೇ ಎಂದೆ. ಬೇಡ ಎಂದಳು.

ಜುಲೈ 23, ಸೋಮವಾರ

ಸಣ್ಣವ್ವ ರಾಜೂರಿನಿಂದ ಬರುತ್ತ ಬಸ್ಸು ಬದಲಿಸುವಾಗ ಅಂಗಡಿಗೆ ಬಂದಳು. ಉಡಚಪ್ಪ ಕೂಗಾಡಲಿಲ್ಲವಂತೆ. "ನಾಕ ಮಂದಿಗೆ ಹೇಳಿಬಿಟ್ಟೇನಿ, ಈಗ ಒಂದು ಡಬ್ಬಿ ಕೆಟ್ಟಿತ್ತು ಅಂತ ಹೇಳ್ಲ್ಯಾ?" ಎಂದು ಕೇಳಿ, ಎದ್ದು ಹೊಲಕ್ಕೆ ಹೋದನಂತೆ. ಅತ್ತಿಗೆ ಚಹಾ ಕೊಟ್ಟಳಂತೆ, ಹೊರಡುವಾಗ ಬಾಗಿಲ ತನಕ ಬರಲಿಲ್ಲ.

ನಾನೇ ಹೋಗಿ ಅವನ ಮುಂದೆ ತಪ್ಪು ನನ್ನದು ಎನ್ನುತ್ತೇನೆ ಎಂದೆ. "ತಪ್ಪು ಯಾರದಂತ ಕೇಳಿಲ್ಲವಾ ಅವ. ಮಾತು ಯಾರದು ಅಂತ ಕೇಳ್ಯಾನ. ಮಾತು ನಂದು" ಎಂದಳು.

ಆಗಸ್ಟ್ 5, ಭಾನುವಾರ

ಆರಿಫನ ಕಟ್ಟು ಬಿಚ್ಚಿದರು. ಕೋಲು ಹಿಡಿದು ಅಂಗಡಿಗೆ ಬಂದವನೇ ನನ್ನ ಕಂಪ್ಯೂಟರು ತೆರೆದು ನೋಡಿದ.

"ಆಪಾ, ಮೂರನೇದಕ್ಕ ಯಾಕ ಇಷ್ಟ? ಉಳಿದವ್ರದೂ ರೊಕ್ಕ ಅಲ್ಲೇನು?"

"ಭಾನುವಾರ ನಾಕರಿಂದ ನಾಕೂವರಿತನಾ ಅದು ಹಂಗ ಇರತೈತಿ. ಕೈ ಹಚ್ಚಿದ್ರ ಇನ್ನೊಂದು ಕಾಲು ನಾನ ಮುರೀತೀನಿ."

ಅವನು ಮಹಾಲಿಂಗಪ್ಪನವರ ಕಡೆ ನೋಡಿದ. ಅವರು ಆಗಲೇ ಎದ್ದು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ನಾಲ್ಕು ಹೊಡೆಯಲು ಬಂದಿತ್ತು.

ಭಾರತಿ ತಾಯಿಗೆ ಹಾಸ್ಟೆಲಿನ ಸನ್ನೆಗಳನ್ನು ಕಲಿಸುತ್ತಿದ್ದಾಳೆ. ಸಣ್ಣವ್ವನ ಬೆರಳುಗಳು ದಪ್ಪ, ಬಾಗುವುದಿಲ್ಲ. ಮಗಳು ನಗುತ್ತಾಳೆ, ಮತ್ತೆ ತೋರಿಸುತ್ತಾಳೆ. ಹಿಂದೆ ನಿಂತು ನೋಡುತ್ತ ನನಗೂ ನಾಲ್ಕಾರು ಬಂದಿವೆ. ಭಾರತಿ ನನಗೊಂದು ಹೆಸರು ಇಟ್ಟಿದ್ದಾಳೆ. ಹುಬ್ಬು ಗಂಟಿಕ್ಕಿ ಆಮೇಲೆ ಬಿಡಿಸುವುದು, ಅದು ನಾನಂತೆ.

ಅಲ್ತಮಶ ಬರುವ ದಿನವಲ್ಲ. ಹೋಟೆಲಿನವನಿಗೆ ಎರಡು ಚಹಾ ಹೇಳಿಬಿಟ್ಟಿದ್ದೆ, ಯಾವ ಲಕ್ಷ್ಯದಲ್ಲಿದ್ದೆನೋ. ಎರಡನೆಯದನ್ನು ಆರಿಫ ಕುಡಿದ.

ಆಗಸ್ಟ್ 14, ಮಂಗಳವಾರ

ರೋಣದಿಂದ ಅಲ್ತಮಶನ ಅಕ್ಕ ಮನೆಗೆ ಬಂದು ಹೋದಳು. ನಾನು ಚಹಾ ಕೊಟ್ಟು ಒಳಗೆ ಹೋದೆ. ಅವಳು ಹೋದ ಮೇಲೆ ಅಮ್ಮಿ ಅಕ್ಕಿ ಆರಿಸುತ್ತ, ನನ್ನ ಮುಖ ನೋಡದೆ, ಅಲ್ತಮಶನ ಸಂಬಂಧಕ್ಕೆ ಏನಂತಿ ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ.

"ಸುಮ್ಮನಿದ್ದಿ ಅಂದ್ರ ಹೂಂ ಅಂತ ಹೇಳಿ ಕಳಸ್ಲೇನು?"

"ಇಲ್ಲಮ್ಮಿ. ಸುಮ್ಮನಿದ್ದೀನಿ ಅಂದ್ರ ಇನ್ನೂ ಯೋಚನಿ ಮಾಡಾಕತ್ತೀನಿ ಅಂತ. ಹೇಳೂದನ್ನ ನಾನ ಬಾಯಿಬಿಟ್ಟು ಹೇಳ್ತೀನಿ. ಅವರಿಗೇ ಹೇಳ್ತೀನಿ."

ಅಮ್ಮಿ ಅಕ್ಕಿಯ ಮೊರ ಕೆಳಗಿಟ್ಟು ನನ್ನನ್ನು ನೋಡಿದಳು. ಬೈಯಲಿಲ್ಲ. ಇದನ್ನೇಕೆ ಇಷ್ಟುದ್ದ ಬರೆದೆನೋ, ನಾಳೆ ಪ್ರಿಂಟರಿಗೆ ಶಾಯಿ ತರಿಸುವುದಿದೆ.

ಆಗಸ್ಟ್ 19, ಭಾನುವಾರ

ಪಂಚಮಿ ಈ ವಾರವೇ ಮುಗಿಯಿತು. ಊರ ಹೆಣ್ಣುಮಕ್ಕಳೆಲ್ಲ ಅಣ್ಣತಮ್ಮಂದಿರ ಹಿಂದೆ ತವರಿಗೆ ಹೋಗಿ ಜೋಕಾಲಿ ಆಡಿ ಬಂದರು. ಸಣ್ಣವ್ವ ಡಬ್ಬಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ತಂದಿದ್ದಳು. ರಾಜೂರಿನವೇ ಎಂದು ಕೇಳಿ, ಕೇಳಬಾರದಿತ್ತು ಎಂದು ನಾಲಿಗೆ ಕಚ್ಚಿಕೊಂಡೆ.

"ನಾನ ಕಟ್ಟೇನಿ, ತಿನ್ನವಾ. ಅಣ್ಣ ಕರಿಯಾಕ ಬರಲಿಲ್ಲ" ಎಂದಳು. "ಗಂಡ ಸತ್ತ ವರ್ಷಾನೂ ಬಂದಿದ್ದ. ಈ ಸಲ ಬರಲಿಲ್ಲ. ಬಾಗಲಾಗ ಕುಂತು ಕೊನೀ ಬಸ್ಸಿನ ತನಕ ನೋಡಿದ್ನಿ." ಅಷ್ಟು ಹೇಳಿ, ಮಗಳ ಮುಂದೆ ಇದನ್ನು ಆಡಬೇಡ ಎಂದು ನನ್ನಿಂದ ಆಣೆ ತೆಗೆದುಕೊಂಡಳು. "ನನ್ನಿಂದ ಹಿಂಗಾತು ಅಂತ ಅಕಿ ಮನಸಿಗೆ ಹಚ್ಚಿಕೋತಾಳ."

ಅಲ್ತಮಶ ಬಂದಿದ್ದ. ಯಾವ ಕಂಪ್ಯೂಟರೂ ಕೆಟ್ಟಿರಲಿಲ್ಲ. ಅವನಿಗೆ ಹೇಳುವ ಹೂಂ ಅನ್ನು ಮಧ್ಯಾಹ್ನವೇ ಬಾಯಿಬಿಟ್ಟು ಹೇಳಿ ಮುಗಿಸಿದ್ದೆ, ಚಹಾ ಆರುವುದರೊಳಗೆ. ಉಳಿದ ನಾಲ್ಕು ಕಂಪ್ಯೂಟರುಗಳ ಲೈನನ್ನು ಅವನೇ ಹೋಗಿ ತಡೆದ.

ಭಾರತಿ ಬಂದ ಕೂಡಲೇ ಕೇಳಿದ್ದು ಪಂಚಮಿಯನ್ನೇ. ಮಾವನ ಮನೆಗೆ ಹೋಗಿದ್ದೆಯಾ? ಸಣ್ಣವ್ವ ಹೂಂ ಎಂದು ತಲೆ ಆಡಿಸಿದಳು. ಉಂಡಿ ತಿಂದೆ, ಜೋಕಾಲಿ ಆಡಿದೆ, ಹೊಸ ಕುಪ್ಪಸದ ಬಟ್ಟೆ ಕೊಟ್ಟರು ಎಂದು ಎರಡೂ ಕೈ ಬೀಸಿ ಹೇಳಿದಳು. ನಗುತ್ತಲೇ ಹೇಳಿದಳು. ಈಗ ಹೋಗುವ ದಾರಿ ದೊಡ್ಡದಿತ್ತು, ಎಲ್ಲವೂ ಹೋಯಿತು. ಕೈ ಹೋಯಿತು, ಕೈಯ ಹಿಂದಿನ ಮುಖವೂ ಹೋಯಿತು.

ಹುಡುಗಿ ನೋಡಿದಳು. ಬೆರಳು ಎತ್ತಿ, ಸುಳ್ಳು ಎಂದಳು. ಅದು ನನಗೂ ತಿಳಿಯಿತು. ಕರೆಯಲು ಬರಲಿಲ್ಲ ಅಲ್ಲವೇ ಎಂದಳು. ಸಣ್ಣವ್ವನ ಕೈ ತೊಡೆಯ ಮೇಲೆ ಬಿದ್ದವು. ತಲೆ ತಗ್ಗಿತು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ.

ಪರದೆಯಲ್ಲಿ ಭಾರತಿ ಎದ್ದು ಹೋದಳು. ಖಾಲಿ ಕುರ್ಚಿ ಕಂಡಿತು. ಮುನಿಸಿಕೊಂಡಳು ಎಂದುಕೊಂಡೆ. ಮತ್ತೆ ಬಂದಳು, ಒಬ್ಬಳೇ ಅಲ್ಲ. ಅವಳ ಹಿಂದೆ ಹುಡುಗಿಯರು, ಅವರ ಹಿಂದೆ ಇನ್ನಷ್ಟು ಹುಡುಗಿಯರು, ಕುರ್ಚಿಯ ಅಕ್ಕಪಕ್ಕ, ಬಾಗಿಲ ತನಕ. ಭಾರತಿ ತನ್ನ ಎದೆ ಮುಟ್ಟಿಕೊಂಡಳು. ಆಮೇಲೆ ಕೈ ಮುಂದೆ ಚಾಚಿ ತನ್ನ ಕಡೆ ಎಳೆದುಕೊಂಡಳು. ನಾನು ಕರೆಯುತ್ತೇನೆ, ಬಾ. ಹಿಂದಿನ ಹುಡುಗಿಯರೂ ಕೈ ಚಾಚಿದರು. ಬಾ, ಬಾ, ಬಾ. ಪರದೆಯ ತುಂಬ ಕೈ, ಒಂದೂ ಒಡೆಯಲಿಲ್ಲ, ಒಂದೂ ನಿಲ್ಲಲಿಲ್ಲ.

"ನೋಡ್ರಿ ಅಕ್ಕಾರ, ತಲಿ ಎತ್ತಿ ನೋಡ್ರಿ" ಎಂದೆ.

ಸಣ್ಣವ್ವ ನೋಡಿದಳು. ಭಾಳ ಹೊತ್ತು ನೋಡಿದಳು. ಆಮೇಲೆ ಕಣ್ಣು ಒರೆಸಿಕೊಳ್ಳುವುದನ್ನೂ ಬಿಟ್ಟು, ದಪ್ಪ ಬೆರಳುಗಳ ಎರಡೂ ಕೈ ಎತ್ತಿ, ಹೊಸದಾಗಿ ಕಲಿತ ಸನ್ನೆಯಲ್ಲಿ, ಬರುತ್ತೇನೆ ಎಂದು ಹೇಳಿದಳು.